“ಹಂಗಾದ್ರ ಏನ್ ಮಾಡ್ತಿ?”

ಚಿಕ್ಕೋಡಿ ಸೀಮೆಯ ಕೃಷ್ಣಾ ದಂಡೆಯವರು ಮಳೆಗಾಲದಲ್ಲಿ ಬರೀ ಆಕಾಶ ನೋಡಿ ನಿಶ್ಚಿಂತರಾಗುವಂತಿಲ್ಲ. ಇಲ್ಲಿ ಬಿಸಿಲು ಬಿದ್ದಿರುವಾಗಲೇ ಮಹಾಬಳೇಶ್ವರದಲ್ಲಿ ಸುರಿದದ್ದು ರಾಜಾಪುರ ಬ್ಯಾರೇಜು ದಾಟಿ ಬಂದು ಕಲ್ಲೋಳ-ಯಡೂರ ಬಾಂದಾರವನ್ನು ಮುಳುಗಿಸಿರುತ್ತದೆ. ಮೇಲೆ ಕೊಯ್ನಾ ಬೇರೆ, 105 ಟಿಎಂಸಿ ನೀರು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದೆ. ಅಷ್ಟು ನೀರಿನ ಕೆಳಗೆ ಬಾಳುವ ಮನೆತನದಲ್ಲಿ ಕೆಡುಕು ನುಡಿಯುವವರು ಒಬ್ಬರಾದರೂ ಇರಲೇಬೇಕು. ನಮ್ಮಲ್ಲಿ ಆ ಹೊಣೆ ಕಾಕಾನ ಪಾಲಿಗೆ ಬಂದಿತ್ತು.

ಮದುವೆ ಮಾತುಕತೆಯಲ್ಲಿ ಎಲ್ಲರೂ ಹೂರಣದ ಹೋಳಿಗೆಯ ಗುಂಗಿನಲ್ಲಿದ್ದಾಗ ಕಾಕಾ ಅಡಕೆ ಕತ್ತರಿಸುತ್ತ ಮೆಲ್ಲಗೆ ಕೇಳುವರು: “ಅಡಗಿಯಾಂವ ಬರ್ಲಿಲ್ಲಂದ್ರ?” ಆಯಿ “ಬಿಡ್ತು ಅನ್ನೋ!” ಎಂದು ಗದರುವಳು. ಕಾಕಾ ವಿಧೇಯರಾಗಿ “ಬಿಡ್ತು” ಅಂದು, ಇನ್ನೊಬ್ಬ ಅಡುಗೆಯವನ ನಂಬರನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದಿಡುವರು. ನನ್ನ ಪರೀಕ್ಷೆಯ ದಿನ ಹೊಸ್ತಿಲಲ್ಲೇ ತಡೆಯುತ್ತಿದ್ದರು. “ಬಸ್ ತಪ್ಪಿದ್ರ? ಪೆನ್ನ ನಿಂತ್ರ?” ಹೀಗಾಗಿ ಶಾಲೆಯ ಸಿಪಾಯಿ ಬಾಗಿಲು ತೆಗೆಯಲು ಬರುವ ಹೊತ್ತಿಗೆ ನಾನು ಕಿಸೆ ತುಂಬ ಪೆನ್ನು ಇಟ್ಟುಕೊಂಡು ಕಟ್ಟೆಯ ಮೇಲೆ ತೂಕಡಿಸುತ್ತಿರುತ್ತಿದ್ದೆ.

2019ರ ಆಗಸ್ಟಿನಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಹರಿದಳು. ಅಥಣಿ, ರಾಯಬಾಗ, ಕಾಗವಾಡದ ನದಿ ದಂಡೆಯ ಜನ ಉಟ್ಟ ಬಟ್ಟೆಯಲ್ಲಿ ಕಾಳಜಿ ಕೇಂದ್ರ ಸೇರಿದರು. ನಮ್ಮ ಎಮ್ಮೆಗಳು ಮಾತ್ರ ಅಷ್ಟರಲ್ಲಾಗಲೇ ಎತ್ತರದ ಊರಿನ ಬೀಗರ ಕೊಟ್ಟಿಗೆಯಲ್ಲಿ ಹಾಯಾಗಿ ಮೆಲುಕು ಹಾಕುತ್ತಿದ್ದವು. ಮನೆಯವರೆಲ್ಲ ಯಡೂರ ವೀರಭದ್ರನ ಮೇಲೆ ಭಾರ ಹಾಕಿದ್ದರು. ಕಾಕಾನೂ ಹಾಕಿದ್ದರು, ಆದರೆ ಉತಾರ, ಪಾಸ್‌ಬುಕ್ಕು ತುಂಬಿದ ತಗಡಿನ ಟ್ರಂಕನ್ನು ತಾವೇ ಹೊತ್ತಿದ್ದರು.

ಅಮೆರಿಕದ ಮನಃಶಾಸ್ತ್ರಜ್ಞೆ ಜೂಲಿ ನೋರೆಮ್ 2001ರಲ್ಲಿ ಈ ಸ್ವಭಾವದ ಮೇಲೆ ಪುಸ್ತಕವನ್ನೇ ಬರೆದರು. ಅಳುಕಿನವರು ಏನೇನು ಕೆಡಬಹುದೆಂದು ಬಿಡಿಬಿಡಿಯಾಗಿ ಊಹಿಸಿ ತಯಾರಾದರೆ ಕೆಲಸ ಸಾಧಿಸುತ್ತಾರಂತೆ. ಅಂಥವರಿಗೆ ಬಲವಂತದ ಧೈರ್ಯ ತುಂಬಿದರೇ ಎಡವುತ್ತಾರಂತೆ. ಇದನ್ನು ಹೇಳಿದ್ದರೆ ಕಾಕಾ, “ಆಕಿ ಪುಸ್ತಕ ಖರ್ಚಾಗ್ಲಿಲ್ಲಂದ್ರ?” ಅನ್ನುತ್ತಿದ್ದರು.

ಬರೀ ಕೊರಗುವವರನ್ನೂ ನಾನು ಬಲ್ಲೆ. ಅವರು ಚಿಂತೆ ಮಾಡಿ ಮಲಗುತ್ತಾರೆ. ಕಾಕಾ ಚಿಂತೆ ಮಾಡಿ ಎದ್ದು ಹಗ್ಗ ಹುಡುಕುತ್ತಿದ್ದರು.

ಇಂಥ ಮನುಷ್ಯ ಎದೆ ಹಿಡಿದುಕೊಂಡ ರಾತ್ರಿ, ದವಾಖಾನೆಗೆ ಹೋಗೋಣವೆಂದರೆ, “ಗ್ಯಾಸ್ ಆಗೇತಿ, ಏನೂ ಆಗೂದಿಲ್ಲ, ಮಲ್ಕೋರಿ” ಅಂದರು. ಅವರ ಬಾಯಲ್ಲಿ ಅಂಥ ಭರವಸೆಯ ಮಾತು ಮನೆಯವರಾರೂ ಕೇಳಿದ್ದಿಲ್ಲ. ಬೆಳಗಿನ ಹೊತ್ತಿಗೆ ಕಾಕಾ ಇರಲಿಲ್ಲ.

ದಿನಕರ್ಮ ಮುಗಿದ ಮೇಲೆ ಟ್ರಂಕು ತೆಗೆದೆವು. ವಾರ್ಸಾ ಹಚ್ಚಲು ತಲಾಠಿ ಕೇಳುವ ಕಾಗದಗಳೆಲ್ಲ ಜೆರಾಕ್ಸ್ ಆಗಿ, ಟಾಚಣಿ ಹಚ್ಚಿ, ಮೇಲೆಯೇ ಇದ್ದವು. ಮರಣ ದಾಖಲೆಯೊಂದನ್ನು ಮಾತ್ರ ನಾವು ಸೇರಿಸಬೇಕಾಯಿತು.