ಮೊದಲ ಗುಟುಕಿಗೆ ಮುಂಚೆ

ಪ್ರಿಯ ಗೆಳತಿ,

ನಿಮ್ಮ ಮಾವನವರಿಗೆ ಲಕ್ವ ಹೊಡೆದ ಸುದ್ದಿ ಓದಿ ಸಂಕಟವಾಯಿತು. "ನೀರು ನೀರು ಅಂತಾರೆ, ಸಿಸ್ಟರ್ ಒಂದು ಹನಿ ಕೊಡಲೂ ಬಿಡುತ್ತಿಲ್ಲ" ಎಂದು ಬರೆದಿದ್ದೀರಿ. ಆ ಸಿಸ್ಟರ್ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅಂಥವರು ಸಿಕ್ಕಿದ್ದು ನಿಮ್ಮ ಪುಣ್ಯ.

ನಮ್ಮಪ್ಪನಿಗೆ ಹೀಗಾದಾಗ ತಡೆಯುವವರು ಯಾರೂ ಇರಲಿಲ್ಲ. ಕೇಳಿದರೆಂದು ನಾನೇ ಕಾಫಿ ಕುಡಿಸಿದೆ. ಅಪ್ಪ ಕೆಮ್ಮಲಿಲ್ಲ. ದನಿ ಮಾತ್ರ ಬಾಯಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ ಗೊರಗೊರ ಅಂದಿತು. ಮೂರನೇ ದಿನ ಜ್ವರ, ಆಮೇಲೆ ನ್ಯುಮೋನಿಯಾ. ಅನ್ನದ ದಾರಿ, ಉಸಿರಿನ ದಾರಿ ಎರಡೂ ಗಂಟಲಲ್ಲಿ ಅಕ್ಕಪಕ್ಕವೇ. ನುಂಗುವಾಗ ಉಸಿರಿನ ಬಾಗಿಲು ಮುಚ್ಚಬೇಕು. ಲಕ್ವದಲ್ಲಿ ಅದು ಎಷ್ಟೋ ಸಲ ತಡವಾಗುತ್ತದೆ. ಗಟ್ಟಿ ಗಂಜಿ ನಿಧಾನ ಇಳಿಯುತ್ತದೆ, ನೀರು ಕಾಯುವುದಿಲ್ಲ. ಗಂಟಲು ಜೋಮು ಹಿಡಿದಂತಿದ್ದರೆ ಕೆಮ್ಮೂ ಬರುವುದಿಲ್ಲ. ಇದು ನನಗೆ ತಿಳಿದದ್ದು ತಡವಾಗಿ.

ಅಪ್ಪನನ್ನು ಆಮೇಲೆ ಸೇರಿಸಿದ ಎರಡನೇ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಸಿಸ್ಟರ್ ಒಬ್ಬರು ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಮಾತಾಡಿಸಿ, ಪೂರ್ತಿ ಎಚ್ಚರವಿದೆಯೇ ಎಂದು ನೋಡಿದರು. ಮಂಚದ ತಲೆಭಾಗ ಎತ್ತಿ, ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದರು. ಚಮಚದಲ್ಲಿ ಚೂರೇ ಚೂರು ನೀರು. ಗಂಟಲಮಣಿಯ ಮೇಲೆ ಎರಡು ಬೆರಳಿಟ್ಟು ಅದು ಮೇಲೇಳುವುದನ್ನು ಕಾದರು. "ಆ... ಅನ್ನಿ ತಾತ" ಎಂದರು. ಗೊರಗೊರ ಕೇಳಿದ್ದೇ ಚಮಚ ಕೆಳಗಿಟ್ಟು, ಕೇಸ್ ಶೀಟಿನಲ್ಲಿ ಬರೆದರು. ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಬಂದು ನೋಡುವತನಕ ಬಾಯಿಗೆ ಏನೂ ಇಲ್ಲ, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬೇ ಗತಿ. ಆದರೆ ಹಲ್ಲು, ನಾಲಿಗೆ ಒರೆಸುವುದನ್ನು ಒಂದು ಹೊತ್ತೂ ಬಿಡಲಿಲ್ಲ. ಊಟ ಮಾಡದ ಬಾಯಲ್ಲೂ ರೋಗಾಣು ಬೆಳೆಯುತ್ತವೆ, ಎಂಜಲಿನ ಜೊತೆ ಎದೆಗಿಳಿಯುತ್ತವೆ ಅಂದರು.

ಥೆರಪಿಸ್ಟ್ ಇಲ್ಲದ ಆಸ್ಪತ್ರೆ ನಮ್ಮಲ್ಲಿ ಎಷ್ಟೋ ಇವೆ. ರಾತ್ರಿ ಹತ್ತಕ್ಕೆ ರೋಗಿಯ ಪಕ್ಕ ಇರುವವರು ನರ್ಸ್ ಒಬ್ಬರೇ. ಈ ಪರೀಕ್ಷೆ ಅವರಿಗೆ ಗೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಸ್ಟ್ರೇಲಿಯಾದಲ್ಲಿ ಸ್ಯಾಂಡಿ ಮಿಡಲ್ಟನ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿಯ ತಂಡ 19 ಲಕ್ವ ಘಟಕಗಳಲ್ಲಿ ಇದನ್ನೇ ಪರೀಕ್ಷಿಸಿತು. ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನು ನೋಡಿಕೊಳ್ಳಲು ನರ್ಸ್‌ಗಳನ್ನು ಸಜ್ಜುಗೊಳಿಸಿದ ಕಡೆ, 90 ದಿನಗಳಲ್ಲಿ ತೀರಿಕೊಂಡವರು ಇಲ್ಲವೇ ಪರಾವಲಂಬಿಯಾಗಿ ಉಳಿದವರು ಶೇ. 42, ಉಳಿದ ಕಡೆ ಶೇ. 58. 2011ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. ಹೊಸ ಔಷಧಿಯೇನೂ ಇರಲಿಲ್ಲ ಗೆಳತಿ! ನಮ್ಮ ಪ್ರತಿ ವಾರ್ಡಿನ ನರ್ಸ್‌ಗೂ ಈ ತರಬೇತಿ ಸಿಗಬೇಕು ಎಂದು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ಇನ್ನು, ಮಾತ್ರೆಯನ್ನು ನೀವೇ ಪುಡಿಮಾಡಿ ಕೊಡಬೇಡಿ, ಕೆಲವನ್ನು ಪುಡಿಮಾಡಲೇಬಾರದು, ಸಿಸ್ಟರ್‌ನ ಕೇಳಿ. ಊಟ ಶುರುವಾದ ಮೇಲೆ, ತಿಂದ ತಕ್ಷಣ ಮಲಗಿಸಬೇಡಿ, ಅರ್ಧ ಗಂಟೆ ಕೂತಿರಲಿ.

ನಾಳೆ ನೆಂಟರು ಎಳನೀರು ಹಿಡಿದುಕೊಂಡು ಬಂದೇ ಬರುತ್ತಾರೆ. ಅದನ್ನು ನೀವು ಕುಡಿಯಿರಿ. ನಾಲ್ಕು ದಿನದಿಂದ ನಿದ್ದೆಗೆಟ್ಟಿದ್ದೀರಿ.

ನಿಮ್ಮ ಗೆಳತಿ