ಅವ್ವನಿಗೆ ಕಾಣದ ಮುಖ

ಚಾಮರಾಜನಗರದ ನಮ್ಮ ಮನೆಗೆ ಹೊಸ ರೂಟರ್ ಬಂದ ದಿನ ಎಲ್ಲರಿಗೂ ಹಬ್ಬ. ಮಗನಿಗೆ ಕ್ರಿಕೆಟ್, ಇವರಿಗೆ ಸುದ್ದಿ, ಎಲ್ಲವೂ ನೀರು ಹರಿದ ಹಾಗೆ ಬಂತು. ತೊಂದರೆಯಾದದ್ದು ನನಗೊಬ್ಬಳಿಗೇ. ಬರುವುದು ಸರಿಯಿದ್ದರೆ ಸಾಕು, ಹೋಗುವುದನ್ನು ಯಾರು ನೋಡುತ್ತಾರೆ?

ಗುಂಡ್ಲುಪೇಟೆಯಲ್ಲಿರುವ ಅವ್ವನಿಗೆ ಕಿವಿ ಮಂದ. ತುಟಿ ನೋಡಿಯೇ ಮಾತು ಹಿಡಿಯುವವಳು. ಸಂಜೆ ಅಡುಗೆಮನೆಯಿಂದ ವಿಡಿಯೊ ಕರೆ ಮಾಡಿದರೆ ಅವಳ ಮುಖ ನನಗೆ ನಿಚ್ಚಳ. ನನ್ನ ಮುಖ ಮಾತ್ರ ಅವಳಿಗೆ ಗಳಿಗೆಗೊಮ್ಮೆ ಕಲ್ಲು. “ಯಾಕ್ ಮಗ, ಗೊಂಬೆ ತರ ನಿಂತ್ಬುಟ್ಟೆ?” ಎನ್ನುವಳು. ಮೂರನೆಯ ದಿನ, “ಕಿವಿ ಆಯ್ತು, ಈಗ ಕಣ್ಣೂ ಹೋಯ್ತೇನೋ” ಎಂದು ಫೋನ್ ಇಟ್ಟುಬಿಟ್ಟಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಮಗ ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಲ್ಲೇ ಸೇರಿಸಿ ಅಳೆದ. ಅಪ್‌ಲೋಡ್ ವೇಗ ಅಲ್ಲಾಡದೆ ನಿಂತಿತು. ಅಂದರೆ ದೋಷ ಹೊರಗಿನ ಲೈನಿನದಲ್ಲ, ಮನೆಯೊಳಗಿನದೇ. ರೂಟರನ್ನು ಕೂರಿಸಿದ್ದು ಮಲಗುವ ಕೋಣೆಯ ಕಬ್ಬಿಣದ ಬೀರುವಿನ ಹಿಂದೆ. ಅದರ ದನಿ ದೊಡ್ಡದು, ಫೋನಿಗೆ ಕೇಳಿಸುತ್ತದೆ. ಫೋನಿನ ದನಿ ಸಣ್ಣದು, ಗೋಡೆ, ಬೀರು ದಾಟಿ ರೂಟರನ್ನು ಮುಟ್ಟದು. ಸಾಲದ್ದಕ್ಕೆ ನಮ್ಮ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಅಕ್ಕಪಕ್ಕದ ಮನೆಗಳವರೆಲ್ಲ 6ನೇ ಚಾನೆಲ್‌ನಲ್ಲೇ ಗುಂಪುಗೂಡಿದ್ದರು.

ರೂಟರನ್ನು ನಡುಮನೆಯ ತೆರೆದ ಗೂಡಿಗೆ ಎತ್ತಿಟ್ಟೆವು. ಚಾನೆಲ್ 11ಕ್ಕೆ ಬದಲಾಯಿತು. ಖರ್ಚು ಒಂದು ಪೈಸೆಯಿಲ್ಲ.

ಸಂಜೆ ಅವ್ವ ಬಹಳ ಹೊತ್ತು ನೋಡಿದಳು. “ಕುಂಕುಮ ಅಳಿಸೋಗದೆ, ಸರಿ ಮಾಡ್ಕೊ” ಎಂದಳು. ಹಣೆ ಸರಿಮಾಡಿಕೊಳ್ಳುವ ನೆಪದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅದೂ ಅವಳಿಗೆ ಕಂಡಿರಬೇಕು.