ಹಾರವಾಡದಿಂದ ಕೆಳದರ್ಜೆಯ ಒಂದು ಪಂದ್ಯಕ್ಕೆ

ಕಾರವಾರಕ್ಕೂ ಅಂಕೋಲೆಗೂ ನಡುವೆ, ಕೊಂಕಣ ರೈಲು ಮಾರ್ಗದಲ್ಲಿ, ಹಾರವಾಡವೆಂಬ ಸಣ್ಣ ನಿಲ್ದಾಣವಿದೆ. ವೇಗದ ಗಾಡಿಗಳು ಅದನ್ನು ಕಂಡೂ ಕಾಣದಂತೆ ದಾಟಿಹೋಗುತ್ತವೆ. ಪ್ಯಾಸೆಂಜರ್ ಗಾಡಿ ಮಾತ್ರ ನಿಂತು, ನಾಲ್ಕಾರು ಜನರನ್ನು ಇಳಿಸಿ, ನಾಲ್ಕಾರು ಜನರನ್ನು ಹತ್ತಿಸಿಕೊಂಡು, ಅವಸರವಿಲ್ಲದೆ ಮುಂದಕ್ಕೆ ಸಾಗುತ್ತದೆ. ಇಳಿದವರು ತೆಂಗಿನ ತೋಟಗಳ ನಡುವಿನ ದಾರಿ ಹಿಡಿದು ಪಡುವಣಕ್ಕೆ ನಡೆದರೆ ಸಮುದ್ರ. ಮೂಡಣಕ್ಕೆ ತಿರುಗಿ ನೋಡಿದರೆ ಹಸುರು ಹೊದೆದ ಬೆಟ್ಟ. ಇವೆರಡರ ನಡುವಿನ ಇಷ್ಟಗಲ ನೆಲದಲ್ಲಿ ಗದ್ದೆ, ಮನೆ, ಗುಡಿ, ಹೆದ್ದಾರಿ, ರೈಲುದಾರಿ ಎಲ್ಲವೂ ಹೇಗೆ ಹಿಡಿಸಿದವೋ ಎಂದು ನೋಡುವವನಿಗೆ ಬೆರಗಾಗುತ್ತದೆ.

ನಾನು ಅಲ್ಲಿಗೆ ಹೋದದ್ದು ಕಡಲನ್ನು ನೋಡುವುದಕ್ಕೆ, ನೋಡಿದ್ದು ಕಾಲ್ಚೆಂಡಾಟವನ್ನು. ಇಳಿತದ ಹೊತ್ತು. ಅಲೆ ಹಿಂದೆ ಸರಿದು ಬಿಟ್ಟ ಗಟ್ಟಿ ಮರಳಿನ ಮೇಲೆ ಹತ್ತು ಹನ್ನೆರಡು ಹುಡುಗರು ನಾಲ್ಕು ಬಿದಿರುಗಳವನ್ನು ನೆಟ್ಟು, ಮೈಮರೆತು ಆಡುತ್ತಿದ್ದರು. ದೋಣಿಯ ನೆರಳಿನಲ್ಲಿ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತ ಕುಳಿತಿದ್ದ ವೃದ್ಧರೊಬ್ಬರು ನನ್ನನ್ನು ಕಂಡು, "ಯಾವೂರಾಯ್ತು ತಮಾ?" ಎಂದರು.

"ಬೆಂಗಳೂರು, ಅಜ್ಜಾ."

"ಆಟ ನೋಡಬೇಕೆಂದರೆ ನಾಳೆ ನನ್ನ ಮೊಮ್ಮಗನ ಸಂಗಡ ಹೋಗು. ಗೋವೆಯಲ್ಲಿ ಪಂದ್ಯವಿದೆ. ಗೆದ್ದರೆ ಉಳಿದರು, ಇಲ್ಲದಿದ್ದರೆ ಕೆಳಗೆ ಬಿದ್ದರು."

ವಿಚಾರಿಸಲಾಗಿ ತಿಳಿದದ್ದಿಷ್ಟು. ಮೊಮ್ಮಗ ಮಡಗಾವಿನಲ್ಲಿ ನೌಕರಿಯಲ್ಲಿದ್ದಾನೆ. ರಜೆಯ ದಿನಗಳಲ್ಲಿ ಅಲ್ಲಿನ ಹಳ್ಳಿಯೊಂದರ ತಂಡಕ್ಕೆ ಆಡುತ್ತಾನೆ. ತಂಡವಿರುವುದು ಲೀಗಿನ ಕೆಳದರ್ಜೆಯಲ್ಲಿ. ಅದಕ್ಕಿಂತಲೂ ಕೆಳಗಿಳಿದರೆ ಬರುವ ವರ್ಷ ಖರ್ಚು ಕೊಡುವುದಿಲ್ಲವೆಂದು ಪೋಷಕರಾದ ಧನಿಕರು ಹೇಳಿಬಿಟ್ಟಿದ್ದಾರೆ. ಆದಕಾರಣ ನಾಳಿನ ಪಂದ್ಯ ಒಂದು ಪಂದ್ಯ ಮಾತ್ರವಲ್ಲ.

ಮರುದಿನ ಬೆಳಿಗ್ಗೆ ನಾನೂ ಆ ತರುಣನೂ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತೆವು. ಗಾಡಿ ಸುರಂಗದ ಕತ್ತಲೆಯನ್ನು ಹೊಕ್ಕು ಹೊರಬಿದ್ದು, ಕಾರವಾರದಲ್ಲಿ ತುಸು ಹೊತ್ತು ನಿಂತು, ಕಾಳೀ ನದಿಯ ಸೇತುವೆಯನ್ನು ಏರಿತು. ಅಲ್ಲಿಂದ ಅಸ್ನೋಟಿ, ಅದರಾಚೆ ಗೋವೆಯ ಸೀಮೆ. ಕಾಣಕೋಣ, ಬಾಳ್ಳಿ ದಾಟಿದರೆ ಮಡಗಾವು. ಒಂದೆರಡು ಗಂಟೆಗಳ ಹಾದಿ. ಬೆಂಗಳೂರಾದರೋ ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಹಾರವಾಡದ ಹುಡುಗನ ಕಾಲು ರಾಜಧಾನಿಯ ಕಡೆಗಲ್ಲದೆ ನೆರೆಯ ಗೋವೆಯ ಕಡೆಗೆ ಹೊರಳುವುದರಲ್ಲಿ ಆಶ್ಚರ್ಯವೇನಿದೆ?

"ಲೀಗ್ ಅಂದರೆ ಏಣಿ ಅಣ್ಣಾ," ಎಂದು ತರುಣ ವಿವರಿಸಿದ. "ಮೇಲಿನ ದರ್ಜೆಯಲ್ಲಿ ಕಡೆಯವರಾದವರು ಕೆಳಗಿಳಿಯುತ್ತಾರೆ; ಕೆಳಗಿನ ದರ್ಜೆಯಲ್ಲಿ ಮೊದಲಿಗರಾದವರು ಮೇಲೇರುತ್ತಾರೆ." ನಮ್ಮ ಕಚೇರಿಗಳ ಬಡ್ತಿ ಹಿಂಬಡ್ತಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ವ್ಯತ್ಯಾಸವೊಂದೇ: ಇಲ್ಲಿ ಶಿಫಾರಸು ನಡೆಯದು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. ಋತುವಿನ ಕೊನೆಗೆ ಕೂಡಿ ನೋಡುವುದು, ಅಷ್ಟೆ.

ಈ ಏಣಿಯ ಮೂಲ ಇಂಗ್ಲೆಂಡಿನಲ್ಲಿದೆ. ಆಟಗಾರರಿಗೆ ಸಂಬಳ ಕೊಡುವುದಕ್ಕೆ ಅಲ್ಲಿ 1885ರಲ್ಲಿ ಒಪ್ಪಿಗೆ ದೊರೆಯಿತು. 1888ರಲ್ಲಿ ಹನ್ನೆರಡು ತಂಡಗಳು ಸೇರಿ ಲೀಗನ್ನು ಕಟ್ಟಿದವು. 1892ರಲ್ಲಿ ಎರಡನೆಯ ದರ್ಜೆ, 1920ರಲ್ಲಿ ಮೂರನೆಯದು, 1958ರಲ್ಲಿ ನಾಲ್ಕನೆಯದು ಹುಟ್ಟಿದವು. ಕೆಳದರ್ಜೆಯ ಬಾಳು ಅಲ್ಲಿಯೂ ಸುಖದ್ದಲ್ಲ. ಆಕ್ರಿಂಗ್ಟನ್ ಸ್ಟ್ಯಾನ್ಲಿ ಎಂಬ ನಾಲ್ಕನೆಯ ದರ್ಜೆಯ ತಂಡ ಸಾಲದ ಹೊರೆ ತಾಳಲಾರದೆ 1962ರಲ್ಲಿ ಋತುವಿನ ನಡುವೆಯೇ ಲೀಗನ್ನು ತೊರೆಯಿತು. ಊರವರು 1968ರಲ್ಲಿ ಅದೇ ಹೆಸರಿನಲ್ಲಿ ಹೊಸ ತಂಡ ಕಟ್ಟಿ, ಬುಡದಿಂದ ಒಂದೊಂದೇ ಮೆಟ್ಟಿಲು ಹತ್ತಿ, 2006ರಲ್ಲಿ ಲೀಗಿಗೆ ಮರಳಿದರು. ನಲವತ್ತನಾಲ್ಕು ವರ್ಷ ಹಿಡಿಯಿತು. ಆದರೆ ಹತ್ತಲು ಏಣಿಯಿತ್ತು.

ನಮ್ಮ ಕನ್ನಡನಾಡಿಗೂ ಈ ಆಟ ಹಳೆಯದೇ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು. 1968-69ರ ಗೆಲುವಿನ ಬಳಿಕ ಅರ್ಧ ಶತಮಾನಕ್ಕೂ ಮಿಕ್ಕಿ ಕಾದು, 2023ರ ಮಾರ್ಚಿಯಲ್ಲಿ, ದೂರದ ರಿಯಾದ್ ನಗರದಲ್ಲಿ, ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮತ್ತೆ ಪಡೆಯಿತು. ಈ ಆಟಗಾರರನ್ನು ಬೆಳೆಸಿದ್ದು ಬೆಂಗಳೂರಿನ ಲೀಗು. ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಎಂದು ಮೆಟ್ಟಿಲು. ಕಾರ್ಖಾನೆಗಳ ತಂಡಗಳೂ ಸೈನ್ಯದ ತಂಡಗಳೂ ಪೇಟೆಯ ಬೀದಿಗಳ ತಂಡಗಳೂ ಅಲ್ಲಿ ಸರಿಸಮನಾಗಿ ಸೆಣಸಿದವು.

ಗೋವೆಯ ಕಥೆ ಬೇರೆ. 1883ರಲ್ಲಿ ವಿಲಿಯಂ ಲಯನ್ಸ್ ಎಂಬ ಪಾದ್ರಿ ಶಿವೋಲಿ ಗ್ರಾಮಕ್ಕೆ ಚೆಂಡನ್ನು ತಂದರೆಂದು ಅಲ್ಲಿಯವರು ಹೇಳುತ್ತಾರೆ. ಇಂದು ಇಗರ್ಜಿಯಿರುವಲ್ಲೆಲ್ಲ ಮೈದಾನ, ಮೈದಾನವಿರುವಲ್ಲೆಲ್ಲ ತಂಡ. ಪ್ರೊಫೆಷನಲ್ ಲೀಗಿನ ಕೆಳಗೆ ಪ್ರಥಮ, ದ್ವಿತೀಯ, ತೃತೀಯ ದರ್ಜೆಗಳು ಇಳಿದು ಹಳ್ಳಿಯ ನೆಲವನ್ನು ಮುಟ್ಟುತ್ತವೆ.

ಇಡೀ ದೇಶಕ್ಕೆ ಒಂದು ಏಣಿ ಬಂದದ್ದು ತಡವಾಗಿ. 1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾಯಿತು. ಮರುವರ್ಷ ಅದಕ್ಕೆ ಎರಡನೆಯ ದರ್ಜೆ ಸೇರಿತು. 2007ರಲ್ಲಿ ಅದು ಐ-ಲೀಗ್ ಆಯಿತು. ಬೆಂಗಳೂರಿನ ವಿಮಾನ ಕಾರ್ಖಾನೆಯಾದ ಎಚ್‌ಎಎಲ್ ತಂಡ 2010ರಲ್ಲಿ ಎರಡನೆಯ ದರ್ಜೆಯಿಂದ ಮೇಲೇರಿ, ಎರಡು ಋತು ಆಡಿ, 2012ರಲ್ಲಿ ಕೆಳಗಿಳಿಯಿತು. ಮಾರನೆಯ ವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಏಣಿಯ ಕೆಲಸವೇ ಬೀಳಲಿಲ್ಲ; ನೇರವಾಗಿ ಐ-ಲೀಗಿಗೆ ಬಂದು ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದಿತು. 2014ರಲ್ಲಿ ಆರಂಭವಾದ ಐಎಸ್‌ಎಲ್ ಅಂತೂ ಬಾಗಿಲು ಹಾಕಿದ ಮಹಡಿ. ಹಣ ತೆತ್ತವರು ಒಳಗೆ. ಕೆಳಗಿನಿಂದ ಹತ್ತಿ ಬರುವ ದಾರಿಯಿಲ್ಲ.

ಇದರ ನೋವನ್ನು ಉಂಡವರಲ್ಲಿ ಪಣಜಿಯ ಡೆಂಪೊ ತಂಡವೂ ಒಂದು. ಐದು ಸಲ ರಾಷ್ಟ್ರದ ಲೀಗನ್ನು ಗೆದ್ದ ಆ ತಂಡ 2015ರಲ್ಲಿ ಕೆಳದರ್ಜೆಗೆ ಬಿದ್ದಿತು. ಮರುವರ್ಷವೇ ಎರಡನೆಯ ದರ್ಜೆಯನ್ನು ಗೆದ್ದು ಎದ್ದಿತು. ಆದರೆ ಅಷ್ಟರಲ್ಲಿ ಐ-ಲೀಗನ್ನೇ ಎರಡನೆಯ ಮೆಟ್ಟಿಲಾಗಿಸುವ ಮಾತು ಹೊರಟಿತ್ತು. ಮೇಲ್ತುದಿಗೆ ದಾರಿಯಿಲ್ಲದ ಏಣಿಯನ್ನು ಹತ್ತುವುದೇಕೆಂದು ಡೆಂಪೊ, ಸಾಲಗಾಂವ್ಕರ್, ಸ್ಪೋರ್ಟಿಂಗ್ ಎಂಬ ಗೋವೆಯ ಮೂರೂ ತಂಡಗಳು 2016ರಲ್ಲಿ ಹಿಂದೆ ಸರಿದವು.

ಬಾಗಿಲು ತುಸುವೇ ತೆರೆದದ್ದು 2023ರಲ್ಲಿ. ಆ ವರ್ಷ ಪಂಜಾಬ್, ಮರುವರ್ಷ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಐ-ಲೀಗನ್ನು ಗೆದ್ದು ಮೇಲಿನ ಮಹಡಿಗೆ ಹೋದವು. ಆದರೆ ಐಎಸ್‌ಎಲ್‌ನ ಮೊದಲ ಹನ್ನೊಂದು ಋತುಗಳಲ್ಲಿ ಅಲ್ಲಿಂದ ಯಾರೂ ಕೆಳಗಿಳಿಯಲಿಲ್ಲ. ಈ ನಡುವೆ 2023ರಲ್ಲಿ ಐ-ಲೀಗ್ 3 ಎಂಬುದೊಂದು ಹುಟ್ಟಿತು. ಹೆಸರಿನಲ್ಲಿ ಮೂರಾದರೂ ಮೇಲಿನಿಂದ ಎಣಿಸಿದರೆ ನಾಲ್ಕನೆಯ ಮೆಟ್ಟಿಲು. ಐ-ಲೀಗ್ 2 ಮೂರನೆಯದು. ವಿಚಿತ್ರವಾದ ಲೆಕ್ಕ! 2024ರಲ್ಲಿ ಐ-ಲೀಗ್ 2ರಿಂದ ಬಡ್ತಿ ಪಡೆದ ತಂಡಗಳೆರಡು: ಮೊದಲ ಸ್ಥಾನದ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು, ಎರಡನೆಯದು ನಮ್ಮ ಹಳೆಯ ಪರಿಚಯದ ಡೆಂಪೊ. ಬೆಂಗಳೂರಿನ ತಂಡದ ಪಾಲಿಗೆ ಆ ಸಂತೋಷ ಒಂದೇ ವರ್ಷದ್ದಾಯಿತು. 2025ರಲ್ಲಿ ಅಂಕಪಟ್ಟಿಯ ತಳದ ಎರಡು ಸ್ಥಾನಗಳಲ್ಲೊಂದು ಅದರದು.

ಈ ಮಾತುಗಳು ಮುಗಿಯುವಷ್ಟರಲ್ಲಿ ಮಡಗಾವು ಬಂದಿತ್ತು. 1989ರಲ್ಲಿ ಕಟ್ಟಿದ ಫಾತೋರ್ಡಾದ ದೊಡ್ಡ ಕ್ರೀಡಾಂಗಣವನ್ನು ಬಸ್ಸಿನಿಂದ ನನಗೆ ತೋರಿಸಿ, "ಅಲ್ಲಿ ನಾನು ಟಿಕೆಟು ಕೊಂಡು ಕುಳಿತದ್ದುಂಟು, ಆಡಿಲ್ಲ" ಎಂದು ತರುಣ ನಕ್ಕ. ನಾವು ಇಳಿದದ್ದು ಸಾಸಷ್ಟಿಯ ಹಳ್ಳಿಯೊಂದರಲ್ಲಿ. ಒಂದು ಬದಿಗೆ ಬಿಳಿಯ ಇಗರ್ಜಿ, ಇನ್ನೊಂದು ಬದಿಗೆ ತೆಂಗು, ನಡುವೆ ಅಲ್ಲಲ್ಲಿ ಕೆಂಪು ಮಣ್ಣು ತೋರುವ ಮೈದಾನ. ನೂರೈವತ್ತು ಜನ ಸೇರಿದ್ದರೆ ಹೆಚ್ಚು. ನನ್ನ ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು ಆಟಗಾರರೊಬ್ಬೊಬ್ಬರನ್ನೂ ಮನೆಯ ಮಕ್ಕಳಂತೆ ಹೆಸರು ಹಿಡಿದು ಗದರಿಸುತ್ತಿದ್ದಳು.

ವಿರಾಮದ ಹೊತ್ತಿಗೆ ನಮ್ಮವರು ಒಂದು ಗೋಲು ಮುಂದಿದ್ದರು. ಬಳಿಕ ಎದುರಾಳಿಗಳು ಕಾರ್ನರಿನಿಂದ ಒಂದನ್ನು ಹೊಡೆದು ಸಮ ಮಾಡಿದರು. ಸಮವಾದರೆ ಸಾಲದು. ಕೊನೆಯ ಹತ್ತು ನಿಮಿಷ ಹಿಂದಿನ ಸಾಲಿನವನಾದ ಹಾರವಾಡದ ಹುಡುಗನೂ ಮುಂದೆ ಓಡಿದ. ಅವನು ತಲೆಯಿಂದ ಕುಟ್ಟಿದ ಚೆಂಡು ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ರೆಫರಿ ಸೀಟಿ ಊದಿದಾಗ ಅವನು ಸೊಂಟದ ಮೇಲೆ ಕೈಯಿಟ್ಟು ಆ ಪಟ್ಟಿಯನ್ನೇ ನೋಡುತ್ತ ನಿಂತಿದ್ದ.

ಬಳಿಕ ತಂಡದ ಕಾರ್ಯದರ್ಶಿ ಆಟಗಾರರನ್ನು ಸುತ್ತ ಕೂಡಿಸಿಕೊಂಡರು. ಪೋಷಕರು ಆಟ ಮುಗಿಯುವ ಮುನ್ನವೇ ಎದ್ದು ಹೋಗಿದ್ದರು. ಕಾರ್ಯದರ್ಶಿ ಜೇಬಿನಿಂದ ಸಣ್ಣ ವಹಿಯನ್ನು ತೆಗೆದು, ಬರುವ ವರ್ಷ ಯಾರು ಯಾರು ಬರುತ್ತೀರಿ ಎಂದಷ್ಟೇ ಕೇಳಿದರು. ಬಸ್ಸಿನ ಖರ್ಚಿಗೂ ದಾರಿಯಿಲ್ಲವೆಂದು ಮೊದಲೇ ತಿಳಿಸಿದರು. ಕ್ಷಣಕಾಲ ಯಾರೂ ಮಾತಾಡಲಿಲ್ಲ. ಆಮೇಲೆ ಗೋಲಿ ತನ್ನ ಹೆಸರು ಹೇಳಿದ, ಆಮೇಲೆ ಹಾರವಾಡದವನು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಹೊರಟಾಗ ಎಣಿಸಿದರೆ ವಹಿಯಲ್ಲಿ ಒಂಬತ್ತು ಹೆಸರುಗಳಿದ್ದವು.

ಹಾರವಾಡ ತಲಪಿದಾಗ ಕತ್ತಲಾಗಿತ್ತು. ಅಜ್ಜ ಲಾಟೀನಿನಷ್ಟು ಮಂದವಾದ ದೀಪದ ಕೆಳಗೆ ಜಗಲಿಯಲ್ಲಿ ಕಾಯುತ್ತಿದ್ದರು. ಮೊಮ್ಮಗನ ಮುಖ ನೋಡಿ, ಕೇಳಬೇಕಾದುದನ್ನು ಕೇಳದೆ, "ಕಾಲಿಗೆ ಪೆಟ್ಟಾಗಲಿಲ್ಲ ಅಲ್ಲವಾ?" ಎಂದರು.

"ಇಲ್ಲ ಅಜ್ಜಾ. ಇನ್ನೂ ಇಬ್ಬರು ಬೇಕು," ಎಂದ ಹುಡುಗ, ಬೂಟುಗಳ ಮಣ್ಣನ್ನು ಮೆಟ್ಟಿಲಿಗೆ ಬಡಿದು ಉದುರಿಸುತ್ತ. "ಕೆಳಗೆ ಮರಳಲ್ಲಿ ಆಡುವ ಹುಡುಗರಲ್ಲಿ ದೊಡ್ಡವರು ಯಾರಿದ್ದಾರೆ?"